ಮೈಕ್ ಕೊಳ್ಳುವ ಮುನ್ನ: ವೇದಿಕೆಗೆ ಯಾವುದು, ಧ್ವನಿಮುದ್ರಣಕ್ಕೆ ಯಾವುದು

ಯಾವ ಮೈಕ್ ಕೊಳ್ಳಬೇಕು ಎಂಬ ಪ್ರಶ್ನೆ ಹಾಡುಗಾರರಿಂದ, ನಾಟಕ ತಂಡಗಳಿಂದ, ಮನೆಯಲ್ಲೇ ಧ್ವನಿಮುದ್ರಣ ಮಾಡುವವರಿಂದ ಬರುತ್ತಲೇ ಇರುತ್ತದೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಹೆಸರು ಆಗಲೇ ಕೂತಿರುತ್ತದೆ. ಯಾರೋ ಹೊಗಳಿರುತ್ತಾರೆ, ವಿಡಿಯೊ ಒಂದರಲ್ಲಿ ಚೆನ್ನಾಗಿ ಕೇಳಿಸಿರುತ್ತದೆ. ಅದನ್ನೇ ಕೊಂಡರಾಯಿತೇ ಎಂದು ಖಾತ್ರಿ ಮಾಡಿಕೊಳ್ಳಲು ಬರುತ್ತಾರೆ. ಹೆಸರು ಹೇಳಿದ ಮಾತ್ರಕ್ಕೆ ಹೌದು ಅಥವಾ ಇಲ್ಲ ಎನ್ನುವುದು ಸಾಧ್ಯವಿಲ್ಲ. ಅದು ಎಲ್ಲಿ ಕೆಲಸ ಮಾಡಬೇಕು ಎಂಬುದು ಮೊದಲು ಗೊತ್ತಾಗಬೇಕು.

ವೇದಿಕೆಯಲ್ಲಿ ಸ್ಪೀಕರ್‌ಗಳು ಮೊಳಗುತ್ತಿರುತ್ತವೆ, ಪಕ್ಕದಲ್ಲಿ ವಾದ್ಯಗಳಿರುತ್ತವೆ. ಅಲ್ಲಿ ಮೈಕ್ ಬೇಡದ ಶಬ್ದವನ್ನು ಆಚೆ ಇಡಬೇಕು. ಧ್ವನಿಮುದ್ರಣದ ಕೋಣೆಯಲ್ಲಿ ಬೇಕಾದ ಶಬ್ದದ ಸಣ್ಣ ಎಳೆಯೂ ಸಿಗಬೇಕು. ಈ ಎರಡು ಗುಣಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಎರಡಕ್ಕೂ ಆಗುವ ಮೈಕ್‌ಗಳು ಇಲ್ಲವೆಂದಲ್ಲ. ಆದರೆ ನಿಮ್ಮ ಕೆಲಸದಲ್ಲಿ ಯಾವುದು ಮುಖ್ಯ ಎಂದು ತೀರ್ಮಾನಿಸದೆ ಅಂಗಡಿಗೆ ಹೋದರೆ ಎರಡೂ ಕಡೆ ಅರೆಬರೆ ಕೆಲಸ ಮಾಡುವ ಮೈಕ್ ಕೊಂಡು ಬರುತ್ತೀರಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಮಾದರಿಗಳ ಹೆಸರು ಕೊನೆಯಲ್ಲಿ ತಾನಾಗಿ ಹೊಳೆಯುತ್ತದೆ.

1. ಮೈಕ್ ಮಾಡಬೇಕಾದ ಕೆಲಸವನ್ನು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ನಾಲ್ಕು ಸಂಗತಿಗಳನ್ನು ಬರೆಯಿರಿ. ಶಬ್ದದ ಮೂಲ ಯಾವುದು: ಮಾತೇ, ಹಾಡೇ, ತಂತಿವಾದ್ಯವೇ, ಚರ್ಮವಾದ್ಯವೇ? ಮೈಕ್ ಕೈಯಲ್ಲಿರುತ್ತದೆಯೇ, ಸ್ಟ್ಯಾಂಡ್ ಮೇಲಿರುತ್ತದೆಯೇ, ಉಡುಪಿಗೆ ಸಿಕ್ಕಿಸಬೇಕೇ? ಸುತ್ತಲಿನ ಸದ್ದು ಎಷ್ಟು? ಮೈಕ್ ಯಾವ ಉಪಕರಣಕ್ಕೆ ಜೋಡಣೆಯಾಗುತ್ತದೆ: ಹಲವು ಮೈಕ್‌ಗಳ ದನಿಯನ್ನು ಬೆರೆಸುವ ಮಿಕ್ಸರ್‌ಗೋ, ಕಂಪ್ಯೂಟರ್‌ಗೋ, ಕ್ಯಾಮೆರಾಗೋ, ಮೊಬೈಲ್‌ಗೋ?

ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮನೆಗೆ ತಂದ ಮೇಲೆ ಮೈಕ್‌ನ ತುದಿಯಲ್ಲಿರುವ ಮೂರು ಪಿನ್‌ಗಳ ಜೋಡಣೆಗೂ ಲ್ಯಾಪ್‌ಟಾಪ್‌ನ ರಂಧ್ರಕ್ಕೂ ಸಂಬಂಧವೇ ಇಲ್ಲವೆಂದು ತಿಳಿಯುತ್ತದೆ. ಆ ಮೂರು ಪಿನ್‌ಗಳ ಜೋಡಣೆಗೆ ಎಕ್ಸ್‌ಎಲ್‌ಆರ್ ಎಂದು ಹೆಸರು. ವೃತ್ತಿಪರ ಉಪಕರಣಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಕಂಪ್ಯೂಟರ್‌ಗೆ ಅದನ್ನು ಸೇರಿಸಲು ನಡುವೆ ಆಡಿಯೊ ಇಂಟರ್‌ಫೇಸ್ ಬೇಕು. ಮೈಕ್‌ನ ದುರ್ಬಲ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ, ಅಂಕಿಗಳಾಗಿ ಮಾರ್ಪಡಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ ಅದು.

ಹಣವನ್ನೂ ಇಲ್ಲಿಯೇ ಹಂಚಿಕೊಳ್ಳಿ. ಇರುವುದನ್ನೆಲ್ಲ ಮೈಕ್ ಒಂದಕ್ಕೇ ಸುರಿಯಬೇಡಿ. ಕೇಬಲ್, ಸ್ಟ್ಯಾಂಡ್, ಗಾಳಿತಡೆ, ಬೇಕಿದ್ದರೆ ಇಂಟರ್‌ಫೇಸ್ ಎಲ್ಲವೂ ಅದರಿಂದಲೇ ಬರಬೇಕು.

2. ಡೈನಮಿಕ್, ಕಂಡೆನ್ಸರ್ ಅಥವಾ ರಿಬ್ಬನ್: ಬಗೆಯನ್ನು ನಿರ್ಧರಿಸಿ

ಎಲ್ಲ ಮೈಕ್‌ಗಳಲ್ಲೂ ಶಬ್ದಕ್ಕೆ ಕಂಪಿಸುವ ತೆಳುವಾದ ಪೊರೆಯೊಂದಿರುತ್ತದೆ. ಅದಕ್ಕೆ ಡಯಾಫ್ರಾಂ ಎನ್ನುತ್ತಾರೆ. ಆ ಕಂಪನವನ್ನು ವಿದ್ಯುತ್ತಾಗಿಸುವ ವಿಧಾನದಲ್ಲಿ ವ್ಯತ್ಯಾಸ.

ಡೈನಮಿಕ್ ಮೈಕ್‌ನಲ್ಲಿ ಪೊರೆಗೆ ಸಣ್ಣ ತಂತಿಸುರುಳಿ ಅಂಟಿಕೊಂಡಿರುತ್ತದೆ. ಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿದಾಗ ವಿದ್ಯುತ್ ಹುಟ್ಟುತ್ತದೆ. ಹೊರಗಿನಿಂದ ವಿದ್ಯುತ್ ಬೇಡ. ರಚನೆ ಗಟ್ಟಿ, ತೇವ, ಬೆವರು, ಬಿಸಿಲು, ಅಪ್ಪಿತಪ್ಪಿ ಕೈಜಾರಿ ಬೀಳುವುದು ಇವನ್ನೆಲ್ಲ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಸುರುಳಿಯ ತೂಕದಿಂದಾಗಿ ಅತಿಸೂಕ್ಷ್ಮ ಶಬ್ದಗಳಿಗೆ ಪೊರೆ ಸ್ವಲ್ಪ ಮಂದ. ವೇದಿಕೆಯಲ್ಲಿ ಈ ಮಂದತನವೇ ವರ. ದೂರದ ಗದ್ದಲ ಅಷ್ಟಾಗಿ ಎದ್ದು ಕೇಳುವುದಿಲ್ಲ.

ಶೂರ್ ಕಂಪನಿಯ ಎಸ್‌ಎಂ58 ಈ ಬಗೆಯದು. 1966ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿ ಇಂದಿಗೂ ತಯಾರಾಗುತ್ತಿದೆ. ಹೆಸರಿನಲ್ಲಿರುವ ಎಸ್‌ಎಂ ಎಂದರೆ ಸ್ಟುಡಿಯೊ ಮೈಕ್ರೊಫೋನ್. ಹೆಸರು ಸ್ಟುಡಿಯೊದ್ದಾದರೂ ಹೆಸರು ಮಾಡಿದ್ದು ವೇದಿಕೆಯ ಮೇಲೆ. ಅದರ ಹಿಂದಿನ ವರ್ಷ ಬಂದ ಎಸ್‌ಎಂ57 ವಾದ್ಯಗಳ ಮುಂದೆ ಹೆಚ್ಚು ಕಾಣುತ್ತದೆ. ಇವುಗಳಿಗಿಂತ ಇಂಪಾದ ಮೈಕ್‌ಗಳು ಬೇಕಾದಷ್ಟಿವೆ. ಆದರೂ ಹಿಂದೆಂದೂ ನೋಡದ ವೇದಿಕೆಗೆ ಒಂದೇ ಮೈಕ್ ಒಯ್ಯಬೇಕೆಂದರೆ ಅನುಭವಿಗಳ ಕೈ ಇಂಥದ್ದರ ಕಡೆಗೇ ಹೋಗುತ್ತದೆ.

ಕಂಡೆನ್ಸರ್ ಮೈಕ್‌ನಲ್ಲಿ ಪೊರೆಯೂ ಅದರ ಹಿಂದಿನ ಲೋಹದ ಫಲಕವೂ ಸೇರಿ ವಿದ್ಯುದಾವೇಶ ಹಿಡಿದಿಟ್ಟುಕೊಳ್ಳುವ ಜೋಡಿಯಾಗುತ್ತವೆ. ಪೊರೆ ಕಂಪಿಸಿದಾಗ ಎರಡರ ನಡುವಿನ ಅಂತರ ಬದಲಾಗಿ ಸಂಕೇತ ಹುಟ್ಟುತ್ತದೆ. ಎಳೆಯಬೇಕಾದ ಸುರುಳಿಯಿಲ್ಲದ ಕಾರಣ ಪೊರೆ ಹಗುರ. ಉಸಿರಿನ ಎಳೆ, ತಂತಿಯ ಮೇಲೆ ಬೆರಳು ಜಾರುವ ಸದ್ದು ಎಲ್ಲವೂ ಸಿಗುತ್ತವೆ. ಆದರೆ ಒಳಗಿನ ಸರ್ಕ್ಯೂಟ್‌ಗೆ ವಿದ್ಯುತ್ ಬೇಕು. ಸಾಮಾನ್ಯವಾಗಿ ಮಿಕ್ಸರ್ ಅಥವಾ ಇಂಟರ್‌ಫೇಸ್ ಅದೇ ಎಕ್ಸ್‌ಎಲ್‌ಆರ್ ಕೇಬಲ್ ಮೂಲಕ 48 ವೋಲ್ಟ್ ಕಳುಹಿಸುತ್ತದೆ. ಇದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು.

ಕಂಡೆನ್ಸರ್‌ಗಳಲ್ಲಿ ಮತ್ತೆ ಎರಡು ಗಾತ್ರಗಳಿವೆ. ದೊಡ್ಡ ಪೊರೆಯವು ಸಾಮಾನ್ಯವಾಗಿ ಕಡಿಮೆ ಗುಯ್‌ಗುಡುತ್ತವೆ, ಕಂಠಕ್ಕೆ ಹೇಳಿ ಮಾಡಿಸಿದವು. ಸಣ್ಣ ಪೊರೆಯವು ಪೆನ್ಸಿಲ್‌ನಂತೆ ತೆಳ್ಳಗಿದ್ದು, ತಂತಿವಾದ್ಯಗಳ ಮೀಟುವಿಕೆಯನ್ನು ಚುರುಕಾಗಿ ಹಿಡಿಯುತ್ತವೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಕಂಡೆನ್ಸರ್ ಉತ್ತಮ, ಡೈನಮಿಕ್ ಕೆಳದರ್ಜೆಯದು ಎಂಬ ನಂಬಿಕೆಯಿಂದ ಮೊದಲ ಮೈಕ್ ಆಗಿ ದೊಡ್ಡ ಪೊರೆಯ ಕಂಡೆನ್ಸರ್ ತಂದು, ಬರಿಗೋಡೆಗಳ ಕೋಣೆಯಲ್ಲಿ ಮುದ್ರಿಸುತ್ತಾರೆ. ಫ್ಯಾನ್ ಸದ್ದು, ರಸ್ತೆಯ ಹಾರ್ನ್, ಗೋಡೆಗೆ ಬಡಿದು ಮರಳುವ ಪ್ರತಿಧ್ವನಿ ಎಲ್ಲವೂ ದಾಖಲಾಗುತ್ತವೆ. ಮೈಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಕೋಣೆ ಮಾಡಿಲ್ಲ. ದಪ್ಪ ಪರದೆ, ಹಾಸಿಗೆ, ಬಟ್ಟೆ ತುಂಬಿದ ಕಪಾಟು ಇವುಗಳಿಂದ ಕೋಣೆಯನ್ನು ಹದಗೊಳಿಸಲು ಆಗದಿದ್ದರೆ, ಬಾಯಿಗೆ ಹತ್ತಿರವಿಟ್ಟ ಡೈನಮಿಕ್ ಮೈಕ್ ಹೆಚ್ಚು ಶುದ್ಧವಾದ ಮುದ್ರಣ ಕೊಡುತ್ತದೆ. ಗೋಡೆಗೆ ಅಂಟಿಸುವ ತೆಳು ಫೋಮ್ ತುಂಡುಗಳು ಹೆಚ್ಚಿನ ಶ್ರುತಿಯ ಶಬ್ದವನ್ನಷ್ಟೇ ಹೀರುತ್ತವೆ, ಕೆಳಸ್ತರದ ಗುಂಯ್ ಹಾಗೆಯೇ ಉಳಿಯುತ್ತದೆ. ಅವುಗಳಿಂದ ಹೊರಗಿನ ಸದ್ದು ತಡೆಯುತ್ತದೆ ಎಂಬುದಂತೂ ಬರೀ ಭ್ರಮೆ.

ರಿಬ್ಬನ್ ಮೈಕ್‌ನಲ್ಲಿ ಅತಿ ತೆಳುವಾದ ಅಲ್ಯೂಮಿನಿಯಂ ಪಟ್ಟಿ ಅಯಸ್ಕಾಂತದ ನಡುವೆ ತೂಗುತ್ತದೆ. ನಾದ ಮೃದು, ಮೈಕ್ ನಾಜೂಕು. ಜೋರಾಗಿ ಊದಿದರೂ ಪಟ್ಟಿಗೆ ಹಾನಿಯಾಗಬಹುದು. ಮೊದಲ ಮೈಕ್ ಕೊಳ್ಳುವವರು ಇದನ್ನು ಪಕ್ಕಕ್ಕಿಡಿ.

3. ಮೈಕ್ ಯಾವ ದಿಕ್ಕಿನಿಂದ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಅರಿಯಿರಿ

ವೇದಿಕೆಯಲ್ಲಿ ಮೈಕ್ ಕೂಗುವುದಕ್ಕೆ, ಅಂದರೆ ಫೀಡ್‌ಬ್ಯಾಕ್‌ಗೆ, ದಿಕ್ಕಿನ ಬಗ್ಗೆ ಯೋಚಿಸದಿರುವುದು ದೊಡ್ಡ ಕಾರಣ. ಸ್ಪೀಕರ್‌ನಿಂದ ಬಂದ ಶಬ್ದ ಮತ್ತೆ ಮೈಕ್‌ಗೆ ಹೊಕ್ಕು, ಹಿಗ್ಗಿ, ಮತ್ತೆ ಸ್ಪೀಕರ್‌ನಿಂದ ಹೊರಬಂದು ಸುತ್ತುತ್ತಲೇ ಇದ್ದರೆ ಆ ಕರ್ಕಶ ಸಿಳ್ಳೆ ಹುಟ್ಟುತ್ತದೆ. ಯಾವ ದಿಕ್ಕಿನ ಶಬ್ದವನ್ನು ಮೈಕ್ ಎಷ್ಟು ಹಿಡಿಯುತ್ತದೆ ಎಂಬುದನ್ನು ತಯಾರಕರು ವೃತ್ತಾಕಾರದ ನಕ್ಷೆಯಲ್ಲಿ ಕೊಡುತ್ತಾರೆ. ಇದನ್ನು ಪೋಲಾರ್ ಪ್ಯಾಟರ್ನ್ ಎನ್ನುತ್ತಾರೆ.

ಕಾರ್ಡಿಯಾಯ್ಡ್ ಎಂಬುದು ಹೃದಯಾಕಾರದ ನಕ್ಷೆ. ಮುಂದಿನ ಶಬ್ದ ಪೂರ್ತಿ ಸಿಗುತ್ತದೆ, ಪಕ್ಕದ್ದು ಸುಮಾರು 6 ಡೆಸಿಬಲ್ (ಶಬ್ದಮಟ್ಟದ ಅಳತೆ) ಕಡಿಮೆ, ನೇರ ಹಿಂದಿನದು ಅತಿ ಕಡಿಮೆ. ಹಾಗಾಗಿ ಹಾಡುಗಾರರು ತಮ್ಮ ದನಿ ಕೇಳಿಸಿಕೊಳ್ಳಲು ಇಡುವ ಮಾನಿಟರ್ ಸ್ಪೀಕರ್ ಮೈಕ್‌ನ ನೇರ ಹಿಂಬದಿಗೆ ಬರಬೇಕು. ಸೂಪರ್ ಕಾರ್ಡಿಯಾಯ್ಡ್ ಮುಂದೆ ಇನ್ನಷ್ಟು ಕಿರಿದು. ಪಕ್ಕದ ಶಬ್ದವನ್ನು ಹೆಚ್ಚು ತಡೆಯುತ್ತದೆ. ಆದರೆ ನೇರ ಹಿಂದೆ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಅದು ಅತಿ ಕಿವುಡಾಗಿರುವುದು ಮುಂಭಾಗದಿಂದ ಸುಮಾರು 126 ಡಿಗ್ರಿ ಕೋನದಲ್ಲಿ, ಅಂದರೆ ಹಿಂದಿನ ಎಡ ಮತ್ತು ಬಲ ಮೂಲೆಗಳಲ್ಲಿ. ಹೈಪರ್ ಕಾರ್ಡಿಯಾಯ್ಡ್‌ನಲ್ಲಿ ಆ ಕೋನ ಸುಮಾರು 110 ಡಿಗ್ರಿ.

ಈ ಲೆಕ್ಕ ಬರೀ ಪುಸ್ತಕದ್ದಲ್ಲ. ಕಾರ್ಡಿಯಾಯ್ಡ್ ಬಳಸುತ್ತಿದ್ದವರು "ಮೇಲ್ದರ್ಜೆ"ಯ ಸೂಪರ್ ಕಾರ್ಡಿಯಾಯ್ಡ್ ಕೊಂಡು, ಮಾನಿಟರ್ ಅನ್ನು ಹಳೆಯ ಜಾಗದಲ್ಲೇ ಬಿಟ್ಟರೆ, ಮೈಕ್ ಮೊದಲಿಗಿಂತ ಬೇಗ ಕೂಗತೊಡಗುತ್ತದೆ. ಬೈಗುಳ ತಿನ್ನುವುದು ಮಾತ್ರ ಹೊಸ ಮೈಕ್. ಮಾನಿಟರ್‌ಗಳನ್ನು ಓರೆಯಾಗಿ ಎರಡು ಬದಿಗೆ ಸರಿಸಿದರೆ ಅದೇ ಮೈಕ್ ಸುಮ್ಮನಾಗುತ್ತದೆ. ಹಾಡುವಾಗ ತಲೆ ಅತ್ತಿತ್ತ ಆಡಿಸುವ ಅಭ್ಯಾಸವಿದ್ದರೂ ಕಾರ್ಡಿಯಾಯ್ಡ್‌ ವಾಸಿ. ಕಿರಿದಾದ ನಕ್ಷೆಯವು ಬಾಯಿ ಪಕ್ಕಕ್ಕೆ ಸರಿದ ಕೂಡಲೇ ದನಿ ಕಳೆದುಕೊಳ್ಳುತ್ತವೆ.

ಓಮ್ನಿ ಎಲ್ಲ ದಿಕ್ಕಿನಿಂದಲೂ ಸಮನಾಗಿ ಹಿಡಿಯುತ್ತದೆ. ಉಡುಪಿಗೆ ಸಿಕ್ಕಿಸುವ ಪುಟ್ಟ ಲೇಪಲ್ ಮೈಕ್‌ಗಳಲ್ಲಿ, ರಂಗನಟರ ಕೆನ್ನೆಗೆ ಅಂಟಿಸುವ ಮೈಕ್‌ಗಳಲ್ಲಿ ಬಹಳಷ್ಟು ಇದೇ ಬಗೆ. ತಲೆ ತಿರುಗಿದರೂ ದನಿ ಹೆಚ್ಚು ಏರುಪೇರಾಗುವುದಿಲ್ಲ. ಎಂಟರ ಆಕಾರದ ನಕ್ಷೆಯದು ಹಿಂದೆ ಮುಂದೆ ಎರಡೂ ಕಡೆ ಕೇಳಿಸಿಕೊಂಡು ಪಕ್ಕಗಳಲ್ಲಿ ಕಿವುಡಾಗಿರುತ್ತದೆ. ಎದುರುಬದುರು ಕೂತ ಇಬ್ಬರ ಸಂಭಾಷಣೆಯನ್ನು ಒಂದೇ ಮೈಕ್‌ನಲ್ಲಿ ಮುದ್ರಿಸಲು ಒದಗುತ್ತದೆ.

ದಿಕ್ಕಿನ ಮೈಕ್‌ಗಳಿಗೆಲ್ಲ ಅಂಟಿಕೊಂಡ ಇನ್ನೊಂದು ಗುಣ, ಬಾಯಿ ಹತ್ತಿರವಾದಷ್ಟೂ ತಗ್ಗಿನ ಶ್ರುತಿಗಳು ಉಬ್ಬುವುದು. ಇದನ್ನು ಪ್ರಾಕ್ಸಿಮಿಟಿ ಎಫೆಕ್ಟ್ ಎನ್ನುತ್ತಾರೆ. ತೆಳು ದನಿಯವರಿಗೆ ಇದರಿಂದ ತೂಕ ಬರುತ್ತದೆ. ಮೊದಲೇ ಗಡಸು ದನಿಯವರ ಮಾತು ಗುಂಗುಟ್ಟುತ್ತದೆ. ಓಮ್ನಿಯಲ್ಲಿ ಈ ಉಬ್ಬು ಇರುವುದಿಲ್ಲ. 1968ರಲ್ಲಿ ಬಂದ ಎಲೆಕ್ಟ್ರೋ ವಾಯ್ಸ್ ಆರ್‌ಇ20 ಕಾರ್ಡಿಯಾಯ್ಡ್ ಆಗಿದ್ದೂ ಈ ಉಬ್ಬನ್ನು ಬಹುಮಟ್ಟಿಗೆ ತಗ್ಗಿಸುವಂತೆ ರೂಪುಗೊಂಡಿತು. ರೇಡಿಯೊ ನಿಲಯಗಳಲ್ಲಿ ಅದು ನೆಲೆಯೂರಿದ್ದಕ್ಕೆ ಇದೂ ಒಂದು ಕಾರಣ: ನಿರೂಪಕರು ಮುಂದೆ ಹಿಂದೆ ಸರಿದರೂ ದನಿಯ ಬಣ್ಣ ಹೆಚ್ಚು ಬದಲಾಗದು.

ಮೈಕ್‌ನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವವರಿಗೆ ಒಂದು ಎಚ್ಚರಿಕೆ. ದಿಕ್ಕಿನ ಗುಣ ಬರುವುದು ಜಾಲರಿಯ ಹಿಂಭಾಗದಿಂದಲೂ ಗಾಳಿ ಒಳಹೋಗುವುದರಿಂದ. ಅದನ್ನು ಮುಚ್ಚಿದರೆ ದುಬಾರಿ ಕಾರ್ಡಿಯಾಯ್ಡ್ ಕೂಡ ಹೆಚ್ಚುಕಡಿಮೆ ಓಮ್ನಿಯಂತೆ ವರ್ತಿಸಿ ಕೂಗುತ್ತದೆ. ನೋಡಲು ಗತ್ತಾಗಿರಬಹುದು, ಕೇಳುವವರ ಕಿವಿಗೆ ಶಿಕ್ಷೆ.

4. ತಾಂತ್ರಿಕ ವಿವರಗಳ ಹಾಳೆಯಲ್ಲಿ ಏನನ್ನು ನೋಡಬೇಕು

ಡಬ್ಬಿಯ ಮೇಲೆ ದೊಡ್ಡದಾಗಿ "20 ಹರ್ಟ್ಸ್‌ನಿಂದ 20,000 ಹರ್ಟ್ಸ್" ಎಂದು ಬರೆದಿರುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ; ಅಂಕಿ ಹೆಚ್ಚಿದಷ್ಟೂ ಶ್ರುತಿ ಎತ್ತರ. ಇದೊಂದರಿಂದ ಏನೂ ತಿಳಿಯದು. ಆ ವ್ಯಾಪ್ತಿಯೊಳಗೆ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂಬ ಗೆರೆನಕ್ಷೆ ಬೇಕು. ಎಸ್‌ಎಂ58ರ ವ್ಯಾಪ್ತಿ 50ರಿಂದ 15,000 ಹರ್ಟ್ಸ್ ಮಾತ್ರ. ಕಾಗದದ ಮೇಲೆ ಸೋಲುವ ಈ ಅಂಕಿ ವೇದಿಕೆಯ ಕಂಠಕ್ಕೆ ಧಾರಾಳ ಸಾಕು. ಗೆರೆನಕ್ಷೆಯನ್ನೇ ಕೊಡದ ತಯಾರಕರನ್ನು ನಾನಂತೂ ಪಟ್ಟಿಯಿಂದ ತೆಗೆದುಹಾಕುತ್ತೇನೆ.

ಸೆಲ್ಫ್ ನಾಯ್ಸ್ ಎಂದರೆ ಸುತ್ತ ಪೂರ್ಣ ನಿಶ್ಶಬ್ದವಿದ್ದರೂ ಮೈಕ್ ತಾನಾಗಿ ಹೊರಡಿಸುವ ಸಣ್ಣ ಸುಯ್ಯೆಂಬ ಸದ್ದು. ಕಂಡೆನ್ಸರ್‌ಗಳಲ್ಲಿ ಇದನ್ನು ನೋಡಲೇಬೇಕು. 10 ಡೆಸಿಬಲ್‌ಗಿಂತ ಕಡಿಮೆಯಿದ್ದರೆ ಬಹಳ ಶಾಂತ. 15ರ ಆಸುಪಾಸಿನದು ಹತ್ತಿರದ ಕಂಠಕ್ಕೆ ತೊಂದರೆಯಿಲ್ಲ. 20 ದಾಟಿದರೆ ಮೆಲುದನಿಯ ಕಥಾವಾಚನದಲ್ಲಿ, ಮೃದು ವಾದ್ಯದಲ್ಲಿ ಕೇಳಿಬರುತ್ತದೆ. ಬಿರುಸಿನ ವಾದ್ಯ ಮುದ್ರಿಸುವವರಿಗೆ ಇದು ಲೆಕ್ಕಕ್ಕಿಲ್ಲ. ಅವರು ನೋಡಬೇಕಾದದ್ದು ಗರಿಷ್ಠ ಶಬ್ದಮಟ್ಟ, ಅಂದರೆ ಎಷ್ಟು ಜೋರಾದ ಶಬ್ದದವರೆಗೆ ಮೈಕ್ ಒಡಕಿಲ್ಲದೆ ಕೇಳಿಸುತ್ತದೆ ಎಂಬುದು. ಮೈಕ್‌ಗೆ ತುಟಿ ತಾಗಿಸಿ ಎತ್ತರದಲ್ಲಿ ಹಾಡಿದರೆ ಮಟ್ಟ 120 ಡೆಸಿಬಲ್ ಮೀರಬಹುದು. ಡ್ರಮ್ ಪಕ್ಕದಲ್ಲಿ ಇನ್ನೂ ಹೆಚ್ಚು.

ಮೂರನೆಯದು ಸಂವೇದನಾಶೀಲತೆ: ನಿರ್ದಿಷ್ಟ ಶಬ್ದಕ್ಕೆ ಎಷ್ಟು ವಿದ್ಯುತ್ ಕೊಡುತ್ತದೆ ಎಂಬ ಅಳತೆ. ಪ್ಯಾಸ್ಕಲ್‌ಗೆ (ಶಬ್ದದ ಒತ್ತಡದ ಅಳತೆ) ಇಷ್ಟು ಮಿಲಿವೋಲ್ಟ್ ಎಂದು ಬರೆದಿರುತ್ತಾರೆ. ಡೈನಮಿಕ್‌ಗಳಲ್ಲಿ ಇದು ಸಾಮಾನ್ಯವಾಗಿ 1ರಿಂದ 3, ಕಂಡೆನ್ಸರ್‌ಗಳಲ್ಲಿ ಹಲವು ಪಟ್ಟು ಹೆಚ್ಚು. ಈ ಅಂಕಿ ಹೆಚ್ಚಿದ್ದರೆ ಮೈಕ್ ಒಳ್ಳೆಯದು ಎಂದು ಅರ್ಥ ಮಾಡಿಕೊಳ್ಳಬೇಡಿ. ಕಡಿಮೆಯಿದ್ದರೆ ಮುಂದಿನ ಉಪಕರಣ ಹೆಚ್ಚು ದುಡಿಯಬೇಕು ಎಂದಷ್ಟೇ ಅರ್ಥ.

5. ನಿಮ್ಮಲ್ಲಿರುವ ಉಪಕರಣಕ್ಕೆ ಹೊಂದುತ್ತದೆಯೇ ನೋಡಿ

ಪಾಡ್‌ಕಾಸ್ಟ್ ವಿಡಿಯೊಗಳಲ್ಲಿ ಎಲ್ಲೆಡೆ ಕಾಣುವ ಶೂರ್ ಎಸ್‌ಎಂ7ಬಿ ಇಲ್ಲಿ ಒಳ್ಳೆಯ ಉದಾಹರಣೆ. ಅದರ ಸಂವೇದನಾಶೀಲತೆ ಪ್ಯಾಸ್ಕಲ್‌ಗೆ 1.12 ಮಿಲಿವೋಲ್ಟ್, ಅಂದರೆ ಡೈನಮಿಕ್‌ಗಳಲ್ಲೂ ಕಡಿಮೆ. ಮಾತಿಗೆ ಕನಿಷ್ಠ 60 ಡೆಸಿಬಲ್ ಗೇನ್ ಬೇಕೆಂದು ತಯಾರಕರೇ ಹೇಳುತ್ತಾರೆ. ಗೇನ್ ಎಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ. ಅಗ್ಗದ ಇಂಟರ್‌ಫೇಸ್‌ನಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ದನಿ ಕ್ಷೀಣವಾಗಿರುತ್ತದೆ, ಜೊತೆಗೆ ಇಂಟರ್‌ಫೇಸ್‌ನದೇ ಸುಯ್ ಸದ್ದು ಸೇರಿಕೊಳ್ಳುತ್ತದೆ. ಕೊಳ್ಳುವ ಮೊದಲು ನಿಮ್ಮ ಇಂಟರ್‌ಫೇಸ್‌ನ ಗರಿಷ್ಠ ಗೇನ್ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿ. ಸಾಲದಿದ್ದರೆ ನಡುವೆ ಜೋಡಿಸುವ, ಸಂಕೇತವನ್ನು ಹಿಗ್ಗಿಸುವ ಪುಟ್ಟ ಪ್ರಿಆಂಪ್‌ಗಳು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಫ್ಯಾಂಟಮ್ ಪವರ್‌ನಿಂದ ನಡೆಯುತ್ತವೆ.

ಕಂಡೆನ್ಸರ್ ಆದರೆ ಫ್ಯಾಂಟಮ್ ಪವರ್ ಇದೆಯೇ ನೋಡಿ. ಅದನ್ನು ಹಾಕುವ ಮತ್ತು ಆರಿಸುವ ಮುನ್ನ ಸ್ಪೀಕರ್‌ನ ದನಿಯನ್ನು ಪೂರ್ತಿ ಇಳಿಸಿ. ಇಲ್ಲದಿದ್ದರೆ ಬರುವ ಢಬ್ ಎಂಬ ಹೊಡೆತ ಸ್ಪೀಕರ್‌ಗೂ ಕಿವಿಗೂ ಕೆಟ್ಟದ್ದು. ಸರಿಯಾದ ಕೇಬಲ್ ಇದ್ದರೆ ಸಾಮಾನ್ಯ ಡೈನಮಿಕ್ ಮೈಕ್‌ಗೆ ಫ್ಯಾಂಟಮ್ ಪವರ್‌ನಿಂದ ಹಾನಿಯಿಲ್ಲ. ಹಳೆಯ ರಿಬ್ಬನ್ ಮೈಕ್ ಜೋಡಿಸುವಾಗ ಮಾತ್ರ ಆರಿಸಿಬಿಡುವುದೇ ಕ್ಷೇಮ.

ಕ್ಯಾಮೆರಾ, ಮೊಬೈಲ್‌ಗಳ ಸಣ್ಣ ರಂಧ್ರದಲ್ಲಿ ಬರುವುದು ಬೇರೆಯೇ ಬಗೆಯ, ಕೆಲವೇ ವೋಲ್ಟ್‌ಗಳ ವಿದ್ಯುತ್. ಅದರಿಂದ 48 ವೋಲ್ಟ್‌ನ ಸ್ಟುಡಿಯೊ ಮೈಕ್ ನಡೆಯದು. ಕ್ಯಾಮೆರಾದ ಪ್ಲಗ್‌ನಲ್ಲಿ ಎರಡು ಕಪ್ಪು ಉಂಗುರಗಳು, ಹೆಡ್‌ಸೆಟ್‌ಗೆಂದು ಮಾಡಿದ ಮೊಬೈಲ್ ಪ್ಲಗ್‌ನಲ್ಲಿ ಮೂರು. ಇವನ್ನು ಅದಲುಬದಲು ಮಾಡಿ, ಮೈಕ್ ಕೆಟ್ಟಿದೆ ಎಂದು ಹಿಂದಿರುಗಿಸುವವರು ಬಹಳ.

ಯುಎಸ್‌ಬಿ ಮೈಕ್ ಬಗ್ಗೆ ಕೇಳುವವರಿಗೆ: ಒಬ್ಬರೇ ಕೂತು ಮಾತಾಡಲು, ತರಗತಿ ನಡೆಸಲು ಸಲೀಸು. ಅದರಲ್ಲೇ ಹೆಡ್‌ಫೋನ್ ರಂಧ್ರ ಇರುವುದನ್ನು ಆರಿಸಿ. ನಿಮ್ಮ ದನಿ ಕಂಪ್ಯೂಟರ್‌ಗೆ ಹೋಗಿ ತಡವಾಗಿ ಬರುವ ಕಿರಿಕಿರಿ ತಪ್ಪುತ್ತದೆ. ಮುಂದೆ ಇಬ್ಬರು ಕೂರುವ ಯೋಚನೆಯಿದ್ದರೆ, ವೇದಿಕೆಗೆ ಒಯ್ಯುವ ಆಸೆಯಿದ್ದರೆ, ಈಗಲೇ ಎಕ್ಸ್‌ಎಲ್‌ಆರ್ ದಾರಿ ಹಿಡಿಯಿರಿ. ಎರಡೂ ಜೋಡಣೆಗಳಿರುವ ಮಾದರಿಗಳೂ ಬಂದಿವೆ.

6. ತಂತಿಯೋ, ವೈರ್‌ಲೆಸ್ಸೋ

ತಂತಿಯಿಂದ ಕೆಲಸ ಆಗುವುದಾದರೆ ತಂತಿಯನ್ನೇ ಬಳಸಿ. ಎಕ್ಸ್‌ಎಲ್‌ಆರ್ ಕೇಬಲ್‌ನೊಳಗೆ ಒಂದೇ ಸಂಕೇತ ಎರಡು ತಂತಿಗಳಲ್ಲಿ ಪರಸ್ಪರ ತಿರುವುಮುರುವಾಗಿ ಸಾಗುತ್ತದೆ. ದಾರಿಯಲ್ಲಿ ಸೇರುವ ವಿದ್ಯುತ್ ಗದ್ದಲ ಎರಡಕ್ಕೂ ಸಮನಾಗಿ ಅಂಟಿ, ಮಿಕ್ಸರ್ ತಲುಪಿದಾಗ ಒಂದರಿಂದೊಂದು ಕಳೆದುಹೋಗುತ್ತದೆ. ಹೀಗಾಗಿ ಉದ್ದನೆಯ ಸಭಾಂಗಣದ ಉದ್ದಕ್ಕೂ ಎಳೆದರೂ ದನಿ ಶುದ್ಧ. ಬ್ಯಾಟರಿಯ ಚಿಂತೆಯಿಲ್ಲ, ತರಂಗಾಂತರದ ಜಗಳವಿಲ್ಲ.

ನಟನೆ, ನೃತ್ಯ, ಓಡಾಡುತ್ತ ಮಾಡುವ ಭಾಷಣ ಇವಕ್ಕೆ ವೈರ್‌ಲೆಸ್ ಬೇಕೇಬೇಕು. ಮೊದಲು ನೋಡಬೇಕಾದ್ದು ತರಂಗಾಂತರ. 2.4 ಗಿಗಾಹರ್ಟ್ಸ್‌ನವು ಕೊಳ್ಳಲು, ಬಳಸಲು ಸುಲಭ. ಆದರೆ ವೈಫೈ ಮತ್ತು ಬ್ಲೂಟೂತ್ ಓಡಾಡುವುದೂ ಅದೇ ಹಾದಿಯಲ್ಲಿ. ಖಾಲಿ ಸಭಾಂಗಣದ ಪರೀಕ್ಷೆಯಲ್ಲಿ ಗೆದ್ದ ಮೈಕ್, ಪ್ರೇಕ್ಷಕರು ಮೊಬೈಲ್‌ಗಳೊಂದಿಗೆ ತುಂಬಿದ ಮೇಲೆ ತುಂಡುತುಂಡಾಗಿ ಕೇಳಿಸಬಹುದು. ಮನುಷ್ಯರ ಮೈಯೂ ಈ ತರಂಗಗಳನ್ನು ಹೀರುತ್ತದೆ. ಆದ್ದರಿಂದ ಮೈಕ್‌ನ ತರಂಗಗಳನ್ನು ಹಿಡಿಯುವ ರಿಸೀವರ್ ಅನ್ನು ವೇದಿಕೆಯ ಹತ್ತಿರ, ಜನರ ತಲೆಗಿಂತ ಎತ್ತರದಲ್ಲಿ, ಮೈಕ್‌ಗೆ ಕಾಣುವಂತೆ ಇಡಿ.

ಯುಎಚ್‌ಎಫ್, ಅಂದರೆ ಕೆಲವು ನೂರು ಮೆಗಾಹರ್ಟ್ಸ್‌ನ ತರಂಗಾಂತರ ಬಳಸುವ ಬಗೆಯವು ಹೆಚ್ಚು ನೆಚ್ಚತಕ್ಕವು. ಆದರೆ ಯಾವ ತರಂಗಾಂತರ ಪಟ್ಟಿಯನ್ನು ಬಳಸಬಹುದು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ, ಕಾಲಕಾಲಕ್ಕೆ ಬದಲಾಗುತ್ತದೆ ಕೂಡ. ಅಮೆರಿಕದಲ್ಲಿ 600 ಮೆಗಾಹರ್ಟ್ಸ್ ಪಟ್ಟಿಯ ಬಹುಭಾಗ ಮೊಬೈಲ್ ಸೇವೆಗೆ ಹೋಯಿತು. 2020ರ ಜುಲೈ ನಂತರ ಆ ಭಾಗದಲ್ಲಿ ವೈರ್‌ಲೆಸ್ ಮೈಕ್ ಬಳಸುವಂತಿಲ್ಲ. ಇಂಥ ಬದಲಾವಣೆಯಾದಾಗ ಹಳೆಯ ಸೆಟ್‌ಗಳು ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಅಗ್ಗವೆಂದು ಕೊಳ್ಳುವ ಮುನ್ನ ನಿಮ್ಮ ದೇಶದ ಈಗಿನ ನಿಯಮವನ್ನು ನೋಡಿ.

ಎರಡು ಆಂಟೆನಾಗಳಿಂದ ಬಲವಾದ ಸಂಕೇತವನ್ನು ಆಯ್ದುಕೊಳ್ಳುವ ಡೈವರ್ಸಿಟಿ ರಿಸೀವರ್ ಇರುವುದನ್ನೇ ಕೊಳ್ಳಿ. ಪ್ರತಿ ಕಾರ್ಯಕ್ರಮಕ್ಕೂ ಬ್ಯಾಟರಿ ಹೊಸದಿರಲಿ ಅಥವಾ ಪೂರ್ತಿ ಚಾರ್ಜ್ ಆಗಿರಲಿ. ಜೊತೆಗೆ ತಂತಿಯ ಮೈಕ್ ಒಂದನ್ನು ಮಿಕ್ಸರ್‌ಗೆ ಜೋಡಿಸಿಯೇ ಪಕ್ಕದಲ್ಲಿಡಿ.

7. ಕೇಬಲ್, ಸ್ಟ್ಯಾಂಡ್, ಗಾಳಿತಡೆ

ಮೈಕ್ ಕೈಕೊಟ್ಟಿತು ಎಂದು ದೂರುವ ಎಷ್ಟೋ ಪ್ರಸಂಗಗಳಲ್ಲಿ ತಪ್ಪು ಕೇಬಲ್‌ನದು. ತುದಿಯ ಜೋಡಣೆಯನ್ನು ಬಿಚ್ಚಿ ನೋಡಬಹುದಾದ, ಬೆಸುಗೆ ಬಿಟ್ಟರೆ ಮತ್ತೆ ಹಾಕಿಸಬಹುದಾದ ಕೇಬಲ್ ಕೊಳ್ಳಿ. ಪ, ಫ, ಬ, ಭ ಅಕ್ಷರಗಳನ್ನು ಉಚ್ಚರಿಸುವಾಗ ಬಾಯಿಯಿಂದ ಹೊಮ್ಮುವ ಗಾಳಿ ಪೊರೆಗೆ ಬಡಿದು ದಬ್ ಎನ್ನುತ್ತದೆ. ಸ್ಟುಡಿಯೊ ಕಂಡೆನ್ಸರ್ ಮುಂದೆ ಪಾಪ್ ಫಿಲ್ಟರ್ ಎಂಬ ಬಟ್ಟೆ ಅಥವಾ ಲೋಹದ ಜಾಲರಿ ಇರಲೇಬೇಕು. ಹೊರಾಂಗಣಕ್ಕೆ ಫೋಮ್ ಟೋಪಿ, ಗಾಳಿ ಜೋರಿದ್ದರೆ ತುಪ್ಪಳದ ಹೊದಿಕೆ. ಮೇಜಿನ ಮೇಲಿಡುವ ಮೈಕ್‌ಗೆ ರಬ್ಬರ್ ಪಟ್ಟಿಗಳಲ್ಲಿ ತೂಗುವ ಶಾಕ್ ಮೌಂಟ್ ಇದ್ದರೆ ಮೇಜು ತಟ್ಟಿದ ಸದ್ದು ಏರುವುದಿಲ್ಲ.

8. ಕಿವಿಯಿಂದ ಪರೀಕ್ಷಿಸಿ, ಆದರೆ ಕಿವಿ ಮೋಸಹೋಗದಂತೆ

ಎರಡು ಮೈಕ್‌ಗಳನ್ನು ಹೋಲಿಸುವಾಗ ಯಾವುದರ ದನಿ ತುಸು ಜೋರಾಗಿದೆಯೋ ಅದೇ ಚೆನ್ನಾಗಿದೆ ಎಂದು ಕಿವಿಗೆ ಅನ್ನಿಸಿಬಿಡುತ್ತದೆ. ಸಂವೇದನಾಶೀಲತೆ ಹೆಚ್ಚಿರುವ ಮೈಕ್ ಹೀಗೆ ಸುಲಭವಾಗಿ ಗೆದ್ದುಬಿಡುತ್ತದೆ. ಆದ್ದರಿಂದ ಹೀಗೆ ಮಾಡಿ.

ಎರಡನ್ನೂ ಬಾಯಿಂದ ಒಂದೇ ದೂರದಲ್ಲಿಟ್ಟು, ಒಂದೇ ಸಾಲನ್ನು ಮುದ್ರಿಸಿ. ಸಾಲಿನಲ್ಲಿ ಪ, ಭ ಇರಲಿ. ಸ, ಶ, ಷ ಕೂಡ ಇರಲಿ, ಏಕೆಂದರೆ ಸೀಟಿಯಂಥ ಕಿರಿಚು ಅಲ್ಲಿಯೇ ಹೊರಬೀಳುವುದು. ಮೆಲುದನಿಯಲ್ಲೊಮ್ಮೆ, ಎತ್ತರದ ದನಿಯಲ್ಲೊಮ್ಮೆ ಹೇಳಿ. ಆಮೇಲೆ ಎರಡೂ ಮುದ್ರಣಗಳ ಮಟ್ಟವನ್ನು ಸಮ ಮಾಡಿ, ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ಬೇರೆಯವರಿಂದ ಹಾಕಿಸಿ ಕೇಳಿ. ಹೆಡ್‌ಫೋನ್‌ನಲ್ಲಷ್ಟೇ ಅಲ್ಲ, ಸ್ಪೀಕರ್‌ನಲ್ಲೂ ಕೇಳಿ.

ವೇದಿಕೆಯ ಮೈಕ್ ಆದರೆ ಇನ್ನೆರಡು ಪರೀಕ್ಷೆಗಳಿವೆ. ಹಿಡಿಯನ್ನು ಬೆರಳಿನಿಂದ ಉಜ್ಜಿ, ಕೈ ಬದಲಿಸಿ. ಎಷ್ಟು ಗರಗರ ಸದ್ದು ಬರುತ್ತದೆ ಕೇಳಿ. ನಂತರ ಮೈಕ್‌ನ ಸುತ್ತ ನಿಧಾನವಾಗಿ ತಿರುಗುತ್ತ ಮಾತಾಡಿ. ಬದಿಯಿಂದ ಬಂದ ದನಿ ಸಣ್ಣದಾಗುವುದು ಸಹಜ; ಆದರೆ ಅದು ಡಬ್ಬಿಯೊಳಗಿಂದ ಬಂದಂತೆ ಬಣ್ಣ ಬದಲಿಸಿದರೆ, ವೇದಿಕೆಯಲ್ಲಿ ಪಕ್ಕದ ವಾದ್ಯಗಳೂ ಹಾಗೆಯೇ ವಿಕಾರವಾಗಿ ನಿಮ್ಮ ಮೈಕ್‌ಗೆ ಸೇರುತ್ತವೆ. ಅಗ್ಗದ ಮೈಕ್‌ಗಳು ಸೋಲುವುದು ಹೆಚ್ಚಾಗಿ ಈ ಪರೀಕ್ಷೆಯಲ್ಲಿ. ಎದುರಿನಿಂದ ಅವೂ ಚೆನ್ನಾಗಿಯೇ ಕೇಳಿಸುತ್ತವೆ.

ಇಂಟರ್ನೆಟ್‌ನ ಹೋಲಿಕೆ ವಿಡಿಯೊಗಳು ಮೊದಲ ಜರಡಿಗೆ ಸಾಕು. ಬೇರೆಯವರ ದನಿಗೆ ಹೊಂದಿದ ಮೈಕ್ ನಿಮ್ಮ ದನಿಗೆ ಹೊಂದಬೇಕೆಂದಿಲ್ಲ. ಕೊಂಡದ್ದನ್ನು ಹಿಂದಿರುಗಿಸುವ ಅವಕಾಶವಿರುವ ಕಡೆ ಕೊಳ್ಳಿ, ಇಲ್ಲವೇ ಬಾಡಿಗೆಗೆ ತಂದು ನೋಡಿ.

9. ನಕಲಿಯ ಬಗ್ಗೆ ಎಚ್ಚರ

ಹೆಸರಾಂತ ಮಾದರಿಗಳಿಗೆಲ್ಲ ನಕಲಿಗಳಿವೆ. ಎಸ್‌ಎಂ58ರದು ಹೊರನೋಟಕ್ಕೆ ಎಷ್ಟು ಹೋಲುತ್ತದೆಂದರೆ ಡಬ್ಬಿ, ಚೀಲ, ಕಾಗದ ಎಲ್ಲವೂ ಇರುತ್ತವೆ. ಅಸಲಿ ಮೈಕ್ ಸುಮಾರು 298 ಗ್ರಾಂ ತೂಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲೇ ನೋಡಬಹುದು. ತೂಕದಲ್ಲಿ ದೊಡ್ಡ ವ್ಯತ್ಯಾಸ, ಮಸುಕಾದ ಅಕ್ಷರ, ಸಲೀಸಾಗಿ ತಿರುಗದ ಜಾಲರಿ ಇವೆಲ್ಲ ಅನುಮಾನಕ್ಕೆ ಕಾರಣ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎಂದೂ ನಂಬಬೇಡಿ, ಒಳಗೆ ಭಾರ ತುಂಬಿಸುವುದು ಕಷ್ಟವೇನಲ್ಲ. ತಯಾರಕರ ಅಧಿಕೃತ ಮಾರಾಟಗಾರರ ಪಟ್ಟಿಯಲ್ಲಿರುವವರಿಂದ ರಸೀದಿಯೊಂದಿಗೆ ಕೊಳ್ಳುವುದೇ ಸರಿಯಾದ ದಾರಿ. ಮಾರುಕಟ್ಟೆಯ ದರದ ಅರ್ಧಕ್ಕೆ ಹೊಚ್ಚಹೊಸದು ಸಿಗುತ್ತಿದ್ದರೆ ಅದೃಷ್ಟ ಎಂದು ಭಾವಿಸಬೇಡಿ.

ಸೆಕೆಂಡ್ ಹ್ಯಾಂಡ್ ವಿಷಯದಲ್ಲಿ ನನ್ನ ಸಲಹೆ ಸರಳ. ಅಸಲಿ ಎಂದು ಖಚಿತವಾದರೆ ಡೈನಮಿಕ್ ಕೊಳ್ಳಿ, ಜಾಲರಿ ಜಜ್ಜಿದ್ದರೂ ಚಿಂತೆಯಿಲ್ಲ. ಕಂಡೆನ್ಸರ್ ಆದರೆ ಹೆಡ್‌ಫೋನ್ ಹಾಕಿ, ಮೌನದಲ್ಲಿ ಕೆಲವು ನಿಮಿಷ ಕೇಳದೆ ಕೊಳ್ಳಬೇಡಿ. ಚಟಪಟ ಸದ್ದು ಬಂದರೆ ಬಿಟ್ಟುಬಿಡಿ.

10. ಮೊದಲ ದಿನದ ಜೋಡಣೆ ಮತ್ತು ಆಮೇಲಿನ ಆರೈಕೆ

ದೊಡ್ಡ ಪೊರೆಯ ಕಂಡೆನ್ಸರ್‌ಗಳಲ್ಲಿ ಬಹುತೇಕವು ಬದಿಯಿಂದ ಕೇಳಿಸಿಕೊಳ್ಳುತ್ತವೆ. ಅವುಗಳ ನೆತ್ತಿಗೆ ಬಾಯಿಟ್ಟು ಹಾಡಿ, ದನಿ ಮಂಕಾಗಿದೆ ಎಂದು ಕೊರಗುವವರನ್ನು ನೋಡಿದ್ದೇನೆ. ಸಾಮಾನ್ಯವಾಗಿ ಕಂಪನಿಯ ಮುದ್ರೆ ಇರುವ ಬದಿಯೇ ಮುಂಭಾಗ. ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ.

ದೂರ ದುಪ್ಪಟ್ಟಾದರೆ ನೇರ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಇಳಿಯುವುದಿಲ್ಲ. ಕಂಠಕ್ಕೆ ಸ್ಟುಡಿಯೊದಲ್ಲಿ ಒಂದು ಗೇಣಿನಷ್ಟು ದೂರ, ವೇದಿಕೆಯಲ್ಲಿ ಎರಡು ಮೂರು ಬೆರಳಿನ ದೂರದಿಂದ ಆರಂಭಿಸಿ. ಕೊಳಲಿನಂಥ ವಾದ್ಯಕ್ಕೆ ಊದುವ ರಂಧ್ರದ ನೇರಕ್ಕೆ ಇಡದೆ ಸ್ವಲ್ಪ ಮೇಲಿನಿಂದ ಓರೆಯಾಗಿಡಿ. ಒಂದಕ್ಕಿಂತ ಹೆಚ್ಚು ಮೈಕ್ ಇದ್ದರೆ, ಮೈಕ್ ತನ್ನ ಮೂಲದಿಂದ ಎಷ್ಟು ದೂರದಲ್ಲಿದೆಯೋ ಅದರ ಮೂರು ಪಟ್ಟು ದೂರದಲ್ಲಿ ಮುಂದಿನ ಮೈಕ್ ಇರಲಿ. ಹತ್ತಿರವಾದರೆ ಒಂದೇ ಶಬ್ದ ಎರಡು ಕ್ಷಣಗಳಲ್ಲಿ ಎರಡಕ್ಕೂ ತಲುಪಿ ದನಿ ಪೊಳ್ಳಾಗುತ್ತದೆ. ವೇದಿಕೆಯಲ್ಲಿ ಬಳಸದ ಮೈಕ್‌ಗಳನ್ನು ಮಿಕ್ಸರ್‌ನಲ್ಲಿ ಮುಚ್ಚಿಡಿ: ತೆರೆದ ಮೈಕ್‌ಗಳ ಸಂಖ್ಯೆ ದುಪ್ಪಟ್ಟಾದಂತೆಲ್ಲ, ಕೂಗು ಹುಟ್ಟುವ ಮುನ್ನ ನಿಮಗಿರುವ ಅವಕಾಶ ಸುಮಾರು 3 ಡೆಸಿಬಲ್ ಕುಗ್ಗುತ್ತದೆ.

ಮುದ್ರಿಸುವಾಗ 24 ಬಿಟ್ (ಶಬ್ದವನ್ನು ಎಷ್ಟು ಸೂಕ್ಷ್ಮವಾಗಿ ಅಂಕಿಗಳಾಗಿಸಬೇಕು ಎಂಬ ಆಯ್ಕೆ) ಆಯ್ದುಕೊಂಡು, ಅತಿ ಜೋರಾದ ಕ್ಷಣದಲ್ಲೂ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರುವಂತೆ ಗೇನ್ ಇಡಿ. ಕೆಂಪು ಮುಟ್ಟಿದ ಮುದ್ರಣವನ್ನು ಆಮೇಲೆ ಸರಿಪಡಿಸುವುದು ಕಷ್ಟ. ತುಸು ಮೆಲ್ಲಗಿರುವುದನ್ನು ಏರಿಸುವುದು ಸುಲಭ. ಕಂಠಕ್ಕೆ 80 ಹರ್ಟ್ಸ್ ಆಸುಪಾಸಿನ ಲೋ ಕಟ್ (ಅದಕ್ಕಿಂತ ತಗ್ಗಿನ ಶ್ರುತಿಗಳನ್ನು ಕತ್ತರಿಸುವ) ಗುಂಡಿಯನ್ನು ಒತ್ತಿದರೆ ಹೆಜ್ಜೆಸಪ್ಪಳ, ಸ್ಟ್ಯಾಂಡ್‌ನ ಅದುರು ಹೋಗುತ್ತವೆ.

ಪರೀಕ್ಷಿಸಲು ಮೈಕ್‌ಗೆ ಊದಬೇಡಿ, ತಲೆಗೆ ತಟ್ಟಬೇಡಿ. ಮಾತಾಡಿ. ಕೈಮೈಕ್‌ಗಳಲ್ಲಿ ಬಹುತೇಕ ಜಾಲರಿಯನ್ನು ತಿರುಗಿಸಿ ಬಿಚ್ಚಬಹುದು. ಅದನ್ನೂ ಒಳಗಿನ ಫೋಮನ್ನೂ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಪೊರೆಯಿರುವ ಭಾಗಕ್ಕೆ ನೀರಾಗಲಿ ಸ್ಯಾನಿಟೈಸರ್ ಆಗಲಿ ತಾಗಬಾರದು. ಕಂಡೆನ್ಸರ್ ಅನ್ನು ಸ್ಟ್ಯಾಂಡ್ ಮೇಲೆ ಧೂಳಿಗೆ ಬಿಡದೆ, ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ತೇವದ ಹವೆಯಲ್ಲಿ ಅದು ಚಟಪಟ ಎನ್ನತೊಡಗಿದರೆ ಬಿಚ್ಚಲು ಹೋಗಬೇಡಿ. ಹೊಸ ಪೊಟ್ಟಣದೊಂದಿಗೆ ಒಂದು ದಿನ ಡಬ್ಬಿಯಲ್ಲಿಟ್ಟು ಮತ್ತೆ ಕೇಳಿ ನೋಡಿ. ಆಗಲೂ ಸದ್ದು ನಿಲ್ಲದಿದ್ದರೆ ರಸೀದಿ ಹಿಡಿದು ಸರ್ವಿಸ್ ಕೇಂದ್ರಕ್ಕೆ ಹೋಗಿ.